ಮುಳ್ಳು ಏರದ ಟ್ಯಾಂಕು

ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು, ದಸರಾ ರಜೆಗೆ ಇನ್ನೂ ಒಂದು ವಾರವಿತ್ತು. ‘ನಿಲ್ಲಿಸಿದೆ’ ಎನ್ನುವ ಮಾತಿನಲ್ಲಿ ಕೊಂಚ ಜಂಬವಿದೆ. ಡೀಸೆಲ್ ಮುಗಿದ ಗಾಡಿಯನ್ನು ಯಾರೂ ನಿಲ್ಲಿಸುವುದಿಲ್ಲ, ಅದೇ ನಿಲ್ಲುತ್ತದೆ. ಗಣಿತದ ಪುಸ್ತಕದಲ್ಲಿ ದುಂಡನೆಯ ಪಾತ್ರೆಯೊಂದು ಎಷ್ಟು ನೀರು ಹಿಡಿಯುತ್ತದೆ ಎಂದು ಕಂಡುಹಿಡಿಯುವ ಪಾಠ ಇನ್ನೂ ಮುಂದಿತ್ತು. ಮೇಷ್ಟ್ರು ಆ ಪಾಠಕ್ಕೆ ಬರುವ ಮೊದಲೇ ನಾನು ಚಿಂತಾಮಣಿಯ ಒಂದು ವೆಲ್ಡಿಂಗ್ ಶೆಡ್ಡಿಗೆ ಸೇರಿ, ಆ ಪಾತ್ರೆಯನ್ನೇ ಮಾಡುವುದಕ್ಕೆ ಕಲಿತೆ. ಇವತ್ತಿಗೂ ಸೂತ್ರ ಕೇಳಿದರೆ ನನಗೆ ಬಾರದು. ಆದರೆ ತಗಡಿನ ಉದ್ದ ಅಗಲ ಹೇಳಿ, ಅದನ್ನು ಸುತ್ತಿ ಬೆಸೆದರೆ ಎಷ್ಟು ಲೀಟರು ಹಿಡಿಯುತ್ತದೆಂದು ನೀವು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳುತ್ತೇನೆ.

ಬೇಸಿಗೆ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ನೀರಿನ ಟ್ಯಾಂಕರು ಕುಲುಕುತ್ತ ಹೋಗುವುದನ್ನು ನೋಡಿರುತ್ತೀರಿ. ಅವುಗಳಲ್ಲಿ ಎಷ್ಟಕ್ಕೋ ನನ್ನ ಕೈಯ ಬೆಸುಗೆ ಇದೆ. ಟ್ಯಾಂಕಿನ ಹೊಟ್ಟೆಗೆ ಬೆರಳಗಂಟಿನಿಂದ ತಟ್ಟಿದರೆ ಸಾಕು, ನೀರು ಎಲ್ಲಿಯವರೆಗೆ ಇದೆ ಅಂತ ಹೇಳಿಬಿಡುತ್ತೇನೆ. ಖಾಲಿ ಇರುವ ಕಡೆ ಅದು ಕೂಗುತ್ತದೆ, ನೀರಿರುವ ಕಡೆ ಗೊಣಗುತ್ತದೆ. ಜನ ಪಂತ ಕಟ್ಟಿ ಸೋತಿದ್ದಾರೆ. ಇಷ್ಟೆಲ್ಲ ಯಾಕೆ ಕೊಚ್ಚಿಕೊಳ್ಳುತ್ತಿದ್ದೇನೆಂದರೆ, ಇಷ್ಟು ತಿಳಿದವನಿಗೆ ಪಕ್ಕದಲ್ಲೇ ಕೂತ ಹೆಂಡತಿಯ ವಿಷಯ ತಿಳಿಯಲಿಲ್ಲ. ನನ್ನ ಟ್ಯಾಂಕಿನ ಜಂಬದಲ್ಲಿ ಅವಳ ಆರೋಗ್ಯ ಹೇಗೆ ಸೋರಿಹೋಯಿತು ಅನ್ನುವುದನ್ನು ಹೇಳುವುದಕ್ಕೇ ಕೂತಿದ್ದೇನೆ.

ನನ್ನ ಹೆಂಡತಿಯ ಹೆಸರು ನಾರಾಯಣಮ್ಮ. ಮದುವೆಯಾಗಿ ಮೂವತ್ತು ವರ್ಷ ದಾಟಿತು. ಎಲ್ಲಿಗಾದರೂ ಹೊರಡುವುದಿದ್ದರೆ ಅವಳು ಹಿಂದಿನ ಸಾಯಂಕಾಲದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಅವಳೊಬ್ಬಳೇ ಅಲ್ಲ, ನಮ್ಮ ಕಡೆಯ ಹೆಂಗಸರೆಲ್ಲ ಹಾಗೆಯೇ. ಸಂತೆಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ಛತ್ರಕ್ಕೆ ಹೋಗಲಿ, ಬಾಯಿ ಒಣಗಿಸಿಕೊಂಡೇ ಬಸ್ಸು ಹತ್ತುತ್ತಾರೆ. ಒಂದಕ್ಕೆ ಹೋಗಬೇಕಾಗಿ ಬಂದರೆ ಎಲ್ಲಿಗೆ ಹೋಗುವುದು? ಗಂಡಸರು ಬಸ್ಸು ನಿಂತಲ್ಲೆಲ್ಲ ಇಳಿದು ಬೇಲಿಯ ಕಡೆ ಮುಖ ಮಾಡುತ್ತೇವೆ. ಹೆಂಗಸರು ಸೀಟಿನಲ್ಲೇ ಕೂತು ಕಿಟಕಿಯ ಆಚೆ ಬೇರೇನೋ ಇರುವ ಹಾಗೆ ನೋಡುತ್ತಾರೆ. ನಾನೂ ಹಾಗೆ ಇಳಿದು ಹತ್ತಿದವನೇ. ಅದರಲ್ಲಿ ಯೋಚನೆ ಮಾಡುವಂಥದ್ದು ಏನಾದರೂ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಶಿಡ್ಲಘಟ್ಟದ ಒಂದು ಮದುವೆಯಲ್ಲಿ. ಧಾರೆ ನಡೆಯುತ್ತಿದ್ದ ಹಾಗೇ ನಾರಾಯಣಮ್ಮ ತಲೆಸುತ್ತಿ ಬಿದ್ದಳು. ನಾನು ಜನರನ್ನು ತಳ್ಳಿಕೊಂಡು ಹೋಗಿ ನೋಡಿದರೆ, ವಯಸ್ಸಾದ ಹೆಂಗಸೊಬ್ಬರು ಅವಳ ತುಟಿಗೆ ನೀರು ಹಚ್ಚುತ್ತಾ ನನ್ನನ್ನೇ ಗದರಿಸಿದರು: “ನಿನ್ನೆಯಿಂದ ಒಂದು ಗುಟುಕು ಕುಡಿದಿಲ್ಲ ಕಣಪ್ಪ ಇವಳು. ಬಿಸಿಲಲ್ಲಿ ಬಂದೋಳನ್ನ ಕೇಳೋದು ಬೇಡವಾ? ಊರಿಗೆಲ್ಲ ಟ್ಯಾಂಕ್ ಮಾಡಿಕೊಡ್ತೀಯಂತೆ!”

ಆ ಮಾತು ನನಗೆ ನಾಟಿತು. ಅದೇ ವರ್ಷ ಬೆಂಗಳೂರಿನವರೊಬ್ಬರು ನಮ್ಮ ಶೆಡ್ಡಿಗೆ ಬಂದು, ತಮ್ಮ ವ್ಯಾನಿಗೆ ಮೂರು ಸ್ಟೀಲ್ ಟ್ಯಾಂಕು ಮಾಡಿಕೊಡಿ ಅಂದರು. ವ್ಯಾನಿನಲ್ಲೇ ಅಡುಗೆ, ನಿದ್ದೆ, ಸ್ನಾನ ಎಲ್ಲ ಮಾಡಿಕೊಂಡು ಊರೂರು ಸುತ್ತುವವರು ಅವರು. ಒಳ್ಳೆಯ ನೀರಿಗೆ ಒಂದು ಟ್ಯಾಂಕು, ತೊಳೆದ ನೀರಿಗೆ ಇನ್ನೊಂದು, ಕಕ್ಕಸಿಗೆ ಮತ್ತೊಂದು. ಈ ಮೂರರ ಅಳತೆ ಒಂದಕ್ಕೊಂದು ಹೊಂದದೆ ಹೋದರೆ ಪ್ರವಾಸವೇ ಕೆಡುತ್ತದೆ ಎಂದು ಅವರು ವಿವರಿಸುತ್ತಿದ್ದರೆ ನನ್ನ ತಲೆಯಲ್ಲಿ ಬೇರೆಯೇ ಗಾಡಿ ಓಡುತ್ತಿತ್ತು. ರಸ್ತೆಯ ಮೇಲೆ ಹೋಗುತ್ತಿರುವಾಗಲೂ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕಕ್ಕಸು! ನಾರಾಯಣಮ್ಮ ಹೊರಡುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಯಬಹುದು.

ಚಿಂತಾಮಣಿಯಲ್ಲಿ ಹಳೆಯ ಗಾಡಿಗಳ ವ್ಯಾಪಾರ ಮಾಡುವ ಅಜೀಜ್ ಭಾಯ್ ನನ್ನ ಹಳೆಯ ಸ್ನೇಹಿತ. ಅವನು ಒಂದು ಹಳದಿ ಸ್ಕೂಲ್ ಬಸ್ಸು ಹುಡುಕಿಕೊಟ್ಟ. “ನಲವತ್ತು ವರ್ಷ ಲೇಟಾಗಿ ಆದ್ರೂ ಸ್ಕೂಲ್ ಬಸ್ ಸಿಕ್ತಲ್ಲ ರವಣಣ್ಣ” ಅಂತ ಶೆಡ್ಡಿನವರೆದುರೇ ನಕ್ಕ. ನಗಲಿ ಬಿಡಿ. ಮಿಕ್ಕವರು ಬಸ್ಸು ತಂದು ಅದಕ್ಕೊಂದು ಕಕ್ಕಸು ಇಡಿಸುತ್ತಾರೆ. ನಾನು ಮೊದಲು ಕಕ್ಕಸು ಮಾಡಿ, ಅದರ ಸುತ್ತ ಬಸ್ಸು ಕಟ್ಟಿದೆ. ಎಂಟು ತಿಂಗಳು, ಕೆಲಸ ಮುಗಿದ ಮೇಲಿನ ಹೊತ್ತೆಲ್ಲ ಅದಕ್ಕೇ ಹಾಕಿದೆ. ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಿಟಕಿಗೆ ಪರದೆ. ಒಳ್ಳೆಯ ನೀರಿಗೆ ನೂರ ಅರವತ್ತು ಲೀಟರು, ತೊಳೆದ ನೀರಿಗೆ ನೂರ ಇಪ್ಪತ್ತು, ಕಕ್ಕಸಿಗೆ ಅರವತ್ತು. ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗಿ ಬಸ್ಸನ್ನು ವಾಲಿಸದಂತೆ ಟ್ಯಾಂಕಿನೊಳಗೆ ಅಡ್ಡ ತಗಡು ಬೇರೆ. ಬಸ್ಸು ತೋರಿಸಿದ ದಿನ ನಾರಾಯಣಮ್ಮ ಒಂದೊಂದನ್ನೂ ಮುಟ್ಟಿ ನೋಡಿ, ಮೂರು ಟ್ಯಾಂಕಿಗೂ ಹೆಸರಿಟ್ಟಳು: “ಬರೋದು, ಹೋಗೋದು, ಹೇಳಬಾರದ್ದು.”

ಅಳತೆಯ ವಿಷಯ ಬಂದಾಗ ಇನ್ನೊಂದು ಮಾತು. ಲೀಟರು ಬರುವ ಮುಂಚೆ ನಮ್ಮ ಕಡೆ ನೀರನ್ನು ಯಾರು ಹೇಗೆ ಅಳೆಯುತ್ತಿದ್ದರು? ಬಿಂದಿಗೆಯಲ್ಲಿ, ಕೊಡದಲ್ಲಿ, ಚೊಂಬಿನಲ್ಲಿ. ಬಿಂದಿಗೆ ಅಂದರೆ ಎಷ್ಟು? ಒಬ್ಬ ಹೆಂಗಸಿನ ಸೊಂಟ ಎಷ್ಟು ತಾಳುತ್ತದೋ ಅಷ್ಟು. ಹೊರುವವರ ಮೈ ನೋಡಿ ಪಾತ್ರೆಯ ಹೊಟ್ಟೆ ನಿಶ್ಚಯವಾಗುತ್ತಿತ್ತು. ನಾವು ಟ್ಯಾಂಕು ಮಾಡುವವರು ಬಂದ ಮೇಲೆ ಅದು ತಿರುಗುಮುರುಗಾಯಿತು. ಮೊದಲು ಟ್ಯಾಂಕಿಗೆ ಅಳತೆ ಇಡುತ್ತೇವೆ, ಆಮೇಲೆ ಮನುಷ್ಯರು ಅದಕ್ಕೆ ಸರಿಯಾಗಿ ಬದುಕಬೇಕು. ಇದು ನನಗೆ ಈಗ ಹೊಳೆಯುತ್ತಿರುವ ಜ್ಞಾನ. ಆಗ ನಾನು ಬಹಳ ಜಾಣನಾಗಿದ್ದೆ.

ಎಷ್ಟು ಜಾಣನೆಂದರೆ, ಒಳ್ಳೆಯ ನೀರಿನ ಮಟ್ಟ ಕಾಣಲೆಂದು ತೊಟ್ಟಿಯ ಪಕ್ಕ ಒಂದು ಪಾರದರ್ಶಕ ಪೈಪು ನಿಲ್ಲಿಸಿ, ಕೆಂಪು ಬಣ್ಣದಲ್ಲಿ ಗೀಟು ಎಳೆದೆ. ಕಕ್ಕಸಿನ ಟ್ಯಾಂಕಿಗೆ ಒಳಗೊಂದು ತೇಲುವ ಗುಂಡು, ಹೊರಗೆ ಬಾಗಿಲ ಪಕ್ಕದಲ್ಲೇ ಗಡಿಯಾರದ ಹಾಗೊಂದು ಮುಳ್ಳು. ಟ್ಯಾಂಕು ತುಂಬುತ್ತಿದ್ದಂತೆ ಮುಳ್ಳು ಏರುತ್ತದೆ. ಬಸ್ಸಿನ ಕಾನೂನುಗಳನ್ನೂ ನಾನೇ ಮಾಡಿದೆ. ಸ್ನಾನಕ್ಕೆ ಅರ್ಧ ಬಕೀಟು. ಊಟ ಎಲೆಯಲ್ಲಿ, ತಟ್ಟೆ ತೊಳೆಯುವ ಹಾಗಿಲ್ಲ. ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡು ನಿಂತರೆ ನನಗೆ ಎದೆಯಲ್ಲೇನೋ ಹರಿದು ಹೋದ ಹಾಗಾಗುತ್ತಿತ್ತು. “ನಾರಾಯಣಮ್ಮ, ನೋಡೇ, ಗೀಟು ನೋಡೇ” ಅಂತ ಕೂಗುತ್ತಿದ್ದೆ. ಸಂಜೆ ಮುಳ್ಳು ಕಡಿಮೆ ಏರಿದ್ದರೆ “ಭೇಷ್” ಅನ್ನುತ್ತಿದ್ದೆ. ಆ ಭೇಷ್ ಯಾರಿಗೆ ಹೇಳುತ್ತಿದ್ದೆನೋ! ಟ್ಯಾಂಕಿಗೆ ಅಂತ ನಾನು ಅಂದುಕೊಂಡಿದ್ದೆ. ಅವಳು ತನಗೆ ಅಂತ ತಿಳಿದುಕೊಂಡಿದ್ದಳು.

ನೀರು ತುಂಬಿಸುವುದು ಸುಲಭ. ಯಾವ ಊರಿನಲ್ಲಿ ಕೇಳಿದರೂ ಜನ ಇಲ್ಲ ಅನ್ನುವುದಿಲ್ಲ. ಕಷ್ಟವಿರುವುದು ಖಾಲಿ ಮಾಡುವುದರಲ್ಲಿ. ಕೆಂಚಾರ್ಲಹಳ್ಳಿಯ ಹತ್ತಿರ ಒಮ್ಮೆ ರಸ್ತೆ ಬದಿಯ ತೋಟದ ಅಂಚಿಗೆ ಪಾತ್ರೆ ತೊಳೆದ ನೀರಿನ ಕೊಳವೆ ಬಿಟ್ಟಿದ್ದೆ. ತೋಟದ ಯಜಮಾನ ಕುಡುಗೋಲು ಹಿಡಿದುಕೊಂಡೇ ಓಡಿಬಂದ.

“ಏಮಪ್ಪಾ, ಏನ್ ಸುರೀತಿದ್ದೀಯ ನನ್ ತೋಟಕ್ಕೆ?”

“ಪಾತ್ರೆ ತೊಳ್ದಿದ್ ನೀರು ಯಜಮಾನ್ರೇ. ಗಿಡಕ್ಕೆ ಒಳ್ಳೇದೇ.”

“ಗಿಡಕ್ಕೆ ಒಳ್ಳೇದು ಸರಿ, ಹುಳ ಏನನ್ನುತ್ತೆ ಕೇಳ್ದಾ? ಇದು ಹಿಪ್ಪುನೇರಳೆ ಸ್ವಾಮಿ. ಸೋಪಿನ ವಾಸನೆ ಬಂದ್ರೆ ನನ್ ರೇಷ್ಮೆ ಹುಳ ಸೊಪ್ಪು ಮೂಸೂ ನೋಡಲ್ಲ. ಮನೆ ಹೆಂಗಸ್ರಿಗಿಂತ ನಾಜೂಕು ಅವು.”

ಕಿಟಕಿಯಿಂದ ನಾರಾಯಣಮ್ಮ ತಲೆ ಹಾಕಿದಳು. “ಬೇಡ ಅನ್ನಿಸಿದ್ರೆ ತಿನ್ನದೇ ಕೂರ್ತಾವಲ್ಲಪ್ಪ, ಅವೇ ಪುಣ್ಯ ಮಾಡಿರೋದು.”

ಯಜಮಾನ ನಕ್ಕುಬಿಟ್ಟ. ತೆಂಗಿನ ಮರದ ಬುಡ ತೋರಿಸಿ, ಅಲ್ಲಿಗೆ ಬಿಡು ಅಂದ. ಹೋಗುವಾಗ ಎರಡು ಎಳನೀರು ಕೆಡವಿಕೊಟ್ಟ. ನಾನು ನನ್ನದನ್ನು ಅಲ್ಲೇ ಕುಡಿದೆ. ನಾರಾಯಣಮ್ಮ ತನ್ನದನ್ನು ಆಮೇಲೆ ಕುಡಿಯುತ್ತೇನೆಂದು ಸೀಟಿನ ಕೆಳಗಿಟ್ಟಳು. ಚಿಂತಾಮಣಿಗೆ ವಾಪಸು ಬಂದು ಬಸ್ಸು ಗುಡಿಸುವಾಗ ಅದು ಹಾಗೇ ಉರುಳಿಕೊಂಡಿತ್ತು. ಮರೆತಿದ್ದಾಳೆ ಅಂದುಕೊಂಡೆ.

ಇನ್ನು ಮೂರನೆಯ ಟ್ಯಾಂಕು, ಹೇಳಬಾರದ್ದು. ಹೇಳಿಯೇಬಿಡುತ್ತೇನೆ. ಅದರ ಕೆಳಗೆ ಒಂದು ಕವಾಟ, ಕವಾಟಕ್ಕೆ ಇಪ್ಪತ್ತು ಲೀಟರಿನ ಮುಚ್ಚಳದ ಕ್ಯಾನು. ಟ್ಯಾಂಕು ತುಂಬಿದರೆ ಮೂರು ಸಲ ಕ್ಯಾನು ಹೊತ್ತುಕೊಂಡು ಹೋಗಿ, ಗುಂಡಿ ಇರುವ ಯಾವುದಾದರೂ ಕಕ್ಕಸಿನಲ್ಲಿ, ಕೇಳಿಕೊಂಡು, ಸುರಿದು, ತೊಳೆದು ಬರಬೇಕು. ಈ ಕೆಲಸವನ್ನು ಬೇರೆ ಯಾರ ಕೈಲೂ ಮಾಡಿಸಬಾರದು ಎನ್ನುವುದು ನನ್ನ ಹಟ. ನಮ್ಮದನ್ನು ನಾವು ಹೊರದೆ ಇನ್ನೊಬ್ಬರ ತಲೆಗೆ ಕಟ್ಟಿದ್ದು ಸಾಕು ಅಂತ ಶೆಡ್ಡಿನಲ್ಲಿ ಭಾಷಣ ಕೂಡ ಮಾಡಿದ್ದೇನೆ. ಪಂಚೆ ಎತ್ತಿ ಕಟ್ಟಿ, ಕ್ಯಾನು ಹಿಡಿದು, ಊರವರ ಮುಂದೆ ತಲೆಯೆತ್ತಿಕೊಂಡೇ ನಡೆಯುತ್ತಿದ್ದೆ. ನಾಚಿಕೆ ಏನಿದೆ ಅದರಲ್ಲಿ? ನನಗೇನೂ ಇರಲಿಲ್ಲ. ನಾನು ಕ್ಯಾನು ಎತ್ತಿದಾಗೆಲ್ಲ ನಾರಾಯಣಮ್ಮ ಮಾತ್ರ ಬಸ್ಸಿನ ಆ ಬದಿಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತಿದ್ದಳು. ವಾಸನೆಗೆ ಇರಬೇಕು ಅಂತ ನಾನು ವಾಸನೆ ಹೋಗುವ ಪುಡಿ ತಂದು ಹಾಕಿದೆ.

ಹೀಗೆ ಎರಡು ವರ್ಷ ತಿರುಗಿದೆವು. ಮೊದಮೊದಲು ಮೂರು ದಿನಕ್ಕೆ ಅರ್ಧ ಏರುತ್ತಿದ್ದ ಮುಳ್ಳು ಬರುಬರುತ್ತ ಕಾಲು ಭಾಗಕ್ಕೇ ನಿಲ್ಲತೊಡಗಿತು. ಗುಂಡು ಸಿಕ್ಕಿಕೊಂಡಿದೆಯೇನೋ ಎಂದು ಬಿಚ್ಚಿ ನೋಡಿದೆ. ಸರಿಯಾಗಿಯೇ ಇತ್ತು. ಹಾಗಾದರೆ ಇದು ನಮ್ಮ ಶಿಸ್ತು, ನನ್ನ ಲೆಕ್ಕ! ಮಗಳು ಮಂಜುಳ ಗೌರಿಬಿದನೂರಿನಲ್ಲಿದ್ದಾಳೆ, ಅಲ್ಲಿನ ಒಂದು ಸ್ಕೂಲಿನಲ್ಲಿ ಟೀಚರು. ಊರೂರು ಸುತ್ತಿಕೊಂಡು ಅವಳ ಮನೆಯ ಮುಂದೆ ಬಸ್ಸು ನಿಲ್ಲಿಸಿದಾಗ ಹೊರಟು ಆರು ದಿನವಾಗಿತ್ತು. ಮುಳ್ಳು ಇನ್ನೂ ಕಾಲಿಗೆ ಬಂದಿರಲಿಲ್ಲ. ಅಳಿಯನನ್ನು ಬಸ್ಸಿನೊಳಗೆ ಕರೆದು ಬಾಗಿಲ ಪಕ್ಕ ನಿಲ್ಲಿಸಿ, “ನೋಡಪ್ಪ, ಇದಕ್ಕೆ ಇಂಜಿನಿಯರಿಂಗ್ ಅಂತಾರೆ. ಇಬ್ಬರು ಮನುಷ್ಯರು, ಆರು ದಿನ, ಕಾಲು ಟ್ಯಾಂಕೂ ಇಲ್ಲ” ಅಂದೆ. ಅಳಿಯ ಓದಿದವನು, ಮರ್ಯಾದಸ್ಥ. “ಹೌದು ಮಾವ” ಅಂದ. ಮಂಜುಳ ಕೈಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಬಸ್ಸಿನ ಮೆಟ್ಟಿಲ ಹತ್ತಿರ ಬಂದವಳು, ಏನೋ ಹೇಳಬೇಕು ಅನ್ನುವಂತೆ ನಿಂತು, ಹೇಳದೆ ಲೋಟ ಕೊಟ್ಟು ಹೋದಳು.

ಆ ತಿಂಗಳಲ್ಲೇ ನಾರಾಯಣಮ್ಮನ ಕಾಲು ಊದಿಕೊಂಡಿತು. ಕಾಲುಂಗುರ ಬೆರಳಿನೊಳಗೆ ಇಳಿದುಹೋಗಿತ್ತು. ಬಸ್ಸಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುವುದಕ್ಕೆ ಹೀಗಾಗಿದೆ ಎಂದು ನಾನು ಅವಳ ಸೀಟಿನ ಮುಂದೆ ಒಂದು ಮಣೆ ಬೆಸೆದುಕೊಟ್ಟೆ. ನನಗೆ ಗೊತ್ತಿರುವ ವೈದ್ಯ ಅಷ್ಟೇ. ಆಮೇಲೆ ಮುಖ ಊದಿತು. ಊಟ ಸೇರದಾಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತದ ಚೀಟಿ ನೋಡಿ, ನಾರಾಯಣಮ್ಮನ ಕೈ ಹಿಡಿದುಕೊಂಡು ಕೇಳಿದರು:

“ಅಮ್ಮಾ, ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?”

ಅವಳು ನನ್ನ ಮುಖ ನೋಡಿದಳು.

“ಒಂದಕ್ಕೆ ಬಂದ್ರೆ ತಡ್ಕೊಳೋ ಅಭ್ಯಾಸ ಏನಾದ್ರೂ ಇದೆಯಾ? ಉರಿ, ಜ್ವರ ಬರ್ತಿತ್ತಾ?”

ಅವಳು ನೆಲ ನೋಡಿದಳು. ನಾನು ನಡುವೆ ಬಾಯಿ ಹಾಕಿ, “ಇಲ್ಲ ಡಾಕ್ಟ್ರೇ, ನಮ್ ಬಸ್ಸಲ್ಲೇ ಎಲ್ಲಾ ವ್ಯವಸ್ಥೆ ಇದೆ” ಅಂದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡೂ ಮೂತ್ರಪಿಂಡ ಸೋತಿವೆ ಅಂದರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯೇ ದೊಡ್ಡ ಕಾರಣ, ಮಿಕ್ಕದ್ದೂ ಅದರ ಜೊತೆ ಸೇರಿಕೊಂಡಿದೆ ಅಂದರು. ಆ ‘ಮಿಕ್ಕದ್ದು’ ಏನೆಂದು ನನಗೆ ಹೇಳಿದವಳು ಮಂಜುಳ, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ.

“ಅಪ್ಪ, ನೀನು ಕ್ಯಾನ್ ಹೊತ್ಕೊಂಡು ಹೋಗೋದ್ನ ಅಮ್ಮನ ಕೈಲಿ ನೋಡಕ್ಕಾಗ್ತಿರ್ಲಿಲ್ಲ. ‘ತಾಳಿ ಕಟ್ಟಿದ ಗಂಡನ ಕೈಲಿ ನಂದನ್ನ ಹೊರಿಸಿದೆ ಅಂದ್ರೆ ಆ ಪಾಪ ಯಾವ ಜನ್ಮಕ್ಕೆ ತೀರುತ್ತೆ ಕಣೇ’ ಅಂತಿದ್ಲು. ಮೂರು ಸಲ ಹೊರೋನು ಒಂದೇ ಸಲ ಹೊರ್ಲಿ ಅಂತ ನೀರು ಬಿಟ್ಲು. ಬಂದ್ರೂ ತಡ್ಕೊಂಡು ಕೂತಿರ್ತಿದ್ಲು. ಬೆಳಿಗ್ಗೆ ನೀನು ಏಳೋಕೆ ಮುಂಚೆ ಚೊಂಬು ತಗೊಂಡು ಹೊಲದ ಕಡೆ ಹೋಗಿ ಬರ್ತಿದ್ಲು.”

“ನೀನಾದ್ರೂ ನಂಗೆ ಹೇಳ್ಬಾರ್ದಿತ್ತೇನಮ್ಮ?”

“ಹೇಳಕ್ಕೆ ಬಂದಿದ್ನಲ್ಲಪ್ಪ. ನೀನು ನಿನ್ನ ಅಳಿಯಂಗೆ ಮುಳ್ಳು ತೋರಿಸ್ತಾ ಇದ್ದೆ.”

ಬಸ್ಸಿನಲ್ಲಿ ಕಕ್ಕಸು ಇಲ್ಲದಾಗ ಅವಳು ಒಂದೆರಡು ದಿನ ನೀರು ಬಿಡುತ್ತಿದ್ದಳು. ನಾನು ಕಕ್ಕಸು ಮಾಡಿಕೊಟ್ಟ ಮೇಲೆ ಎರಡು ವರ್ಷ ಬಿಟ್ಟಳು. ಟ್ಯಾಂಕಿಗೆ ಇಳಿಯಬೇಕಾದ ನೀರು ಅವಳ ಕಾಲಿಗೆ ಇಳಿದಿತ್ತು, ನಾನು ಮುಳ್ಳು ನೋಡಿ ಭೇಷ್ ಅನ್ನುತ್ತಿದ್ದೆ. ಬಾಯಾರಿಕೆಗೆ ಒಂದು ಮುಳ್ಳು ಇಟ್ಟಿದ್ದರೆ ಗೊತ್ತಾಗುತ್ತಿತ್ತೇನೋ. ಅದನ್ನು ಎಲ್ಲಿ ಬೆಸೆಯುವುದು? ನನಗೆ ತಿಳಿಯದು. ಓದಿದ್ದರೆ ತಿಳಿಯುತ್ತಿತ್ತು ಅಂತಲೂ ಅನ್ನಿಸುವುದಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು.

ಆವತ್ತು ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು, “ಯಾಕೇ ಹಿಂಗ್ ಮಾಡ್ದೆ?” ಅಂದೆ. ಅವಳು ಸೂರು ನೋಡುತ್ತಲೇ ಹೇಳಿದಳು: “ನಿಮ್ಮ ಟ್ಯಾಂಕು ಒಳ್ಳೇ ಟ್ಯಾಂಕೇ ಬಿಡಿ. ಅದರದ್ದೇನೂ ತಪ್ಪಿಲ್ಲ.” ಬೈದಿದ್ದರೆ ನಾನೂ ಏನಾದರೂ ವಾದ ಮಾಡಬಹುದಾಗಿತ್ತು.

ಆಗಿನಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಡಯಾಲಿಸಿಸ್. ನಾಲ್ಕು ಗಂಟೆ. ಮೊದಲ ದಿನ ಆ ಯಂತ್ರವನ್ನು ನಾನು ಕಸುಬಿನವನ ಕಣ್ಣಿಂದ ನೋಡುತ್ತ ನಿಂತೆ. ಒಂದು ಕಡೆಯಿಂದ ಶುದ್ಧ ಮಾಡಿದ್ದು ಒಳಗೆ, ಇನ್ನೊಂದು ಕಡೆಯಿಂದ ಬೇಡದ್ದು ಹೊರಗೆ. ಕೊಳವೆಯ ಜೋಡಣೆ ಎಷ್ಟು ಅಚ್ಚುಕಟ್ಟು ಅಂದರೆ ಒಂದು ಹನಿ ಸೋರಿಕೆ ಇಲ್ಲ. ಬಗ್ಗಿ ನೋಡಲು ಹೋದೆ. “ಅಂಕಲ್, ಮುಟ್ಬೇಡಿ” ಅಂದಳು ನರ್ಸು. ಮುಟ್ಟಲಿಲ್ಲ. ಒಳಗೆ ಹೋಗುವ ಮುಂಚೆ ತೂಕ, ಹೊರಗೆ ಬರುವಾಗ ತೂಕ. “ಎರಡು ಕಿಲೋ ಜಾಸ್ತಿ ಬಂದಿದ್ದೀರ ಅಮ್ಮ” ಎಂದು ನರ್ಸು ಹೇಳುತ್ತಿದ್ದಂತೆ “ಎರಡು ಲೀಟರು” ಎಂದು ನನ್ನ ಬಾಯಿಂದ ಬಂತು. ನಿಮಗೆ ಹೇಗೆ ಗೊತ್ತು ಅಂದಳು. ಟ್ಯಾಂಕು ಮಾಡುವವನಮ್ಮ ಅಂದೆ. ಲೀಟರಿಗೆ ಒಂದು ಕಿಲೋ. ಟ್ರ್ಯಾಕ್ಟರಿನ ಹಿಂದೆ ಆದರೂ ಅಷ್ಟೇ, ಮನುಷ್ಯರ ಮೈಯಲ್ಲಿ ಆದರೂ ಅಷ್ಟೇ.

ಈಗ ಅವಳಿಗೆ ದಿನಕ್ಕೆ ಮುಕ್ಕಾಲು ಲೀಟರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಸೇರಿ. ಒಂದಕ್ಕೆ ಬರುವುದೇ ನಿಂತು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಒಳಗೆ ಬರುವುದಕ್ಕೂ ಮಿತಿ. ಕುಡಿಯಬಹುದಾಗಿದ್ದ ಕಾಲದಲ್ಲಿ ನನ್ನ ಮುಳ್ಳು ಏರೀತೆಂದು ಕುಡಿಯಲಿಲ್ಲ. ಈಗ ನೂರ ಅರವತ್ತು ಲೀಟರು ಅವಳ ಮುಂದೆ ಸುರಿಯಲು ನಾನು ತಯಾರಿದ್ದೇನೆ, ಅವಳು ಕುಡಿಯುವ ಹಾಗಿಲ್ಲ. ಒಂದು ಗಾಜಿನ ಬಾಟಲಿ ತಂದು, ಬೆಳಿಗ್ಗೆಗೆ, ಮಧ್ಯಾಹ್ನಕ್ಕೆ, ಸಂಜೆಗೆ ಎಂದು ಅದೇ ಕೆಂಪು ಬಣ್ಣದಲ್ಲಿ ಮೂರು ಗೀಟು ಎಳೆದೆ. ನಡುವಿನ ಗೀಟು ಸೊಟ್ಟಗಿದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನಂಗೂ ಗೀಟು ಎಳೆದ್ಬಿಟ್ರಾ? ಹಂಗೇ ಒಂದು ಸಲ ತಟ್ಟಿ ನೋಡಿ, ಇನ್ನೆಷ್ಟಿದೆ ಹೇಳಿ.”

ನಗಿಸುವುದಕ್ಕೇ ಅಂದದ್ದು. ನಾನು ನಕ್ಕೆ ಕೂಡ. ಆಮೇಲೆ ಶೆಡ್ಡಿಗೆ ಹೋಗಿ, ಗ್ರೈಂಡರ್ ಹಾಕಿಕೊಂಡು, ಉಜ್ಜುವ ಅವಶ್ಯಕತೆಯೇ ಇಲ್ಲದ ಒಂದು ತಗಡನ್ನು ಬಹಳ ಹೊತ್ತು ಉಜ್ಜಿದೆ. ಗ್ರೈಂಡರಿನ ಸದ್ದಿನಲ್ಲಿ ಗಂಡಸು ಏನು ಮಾಡಿದರೂ ಪಕ್ಕದವನಿಗೆ ಕೇಳುವುದಿಲ್ಲ.

ಬಸ್ಸು ಮಾರಿಬಿಡೋಣ ಎಂದು ನಿಶ್ಚಯ ಮಾಡಿದೆ. ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅಜೀಜ್ ಭಾಯ್ ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಮನೆಗೆ ಬಂದ. “ಪಾರ್ಟಿ ಒಳ್ಳೇದು ರವಣಣ್ಣ, ಕೊಟ್ಬಿಡಿ. ಅಕ್ಕನಿಗೂ ಇನ್ಮೇಲೆ ಓಡಾಟ ಕಷ್ಟ” ಅಂದ. ನಾನು ತಲೆಯಾಡಿಸಿದೆ. ಒಳಗಿನಿಂದ ನಾರಾಯಣಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು.

“ಓಡಾಡೋದು ಬಸ್ಸು ಅಲ್ವಾ ಅಜೀಜಣ್ಣ? ನಾನಲ್ವಲ್ಲ. ನಾನು ಆಸ್ಪತ್ರೇಲೂ ಕೂತಿರ್ತೀನಿ, ಬಸ್ಸಲ್ಲೂ ಕೂತಿರ್ತೀನಿ. ಬಸ್ಸಲ್ಲಿ ಆದ್ರೆ ಕಿಟಕಿ ಇದೆ.”

“ಅದಲ್ಲ ಅಕ್ಕ, ನಿಮಗೆ ಸುಸ್ತು…”

“ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆಗಂಟ ನಂಗೆ ರಜ ಕಣಣ್ಣ. ಮನೇಲಿ ಕೂತು ಯಾರ್ ಮುಖ ನೋಡ್ಲಿ? ಇವರದ್ದಾ?”

ಅಜೀಜ್ ಭಾಯ್ ಟೀ ಕುಡಿದು ಎದ್ದು ಹೋದ. ಬಸ್ಸು ಉಳಿಯಿತು.

ಹಾಗಾಗಿ ಈಗ ನಾವು ಮತ್ತೆ ಹೋಗುತ್ತೇವೆ. ದೂರವಲ್ಲ. ಮೊದಲು ಟ್ಯಾಂಕು ನೋಡಿ ದಾರಿ ನಿಶ್ಚಯ ಮಾಡುತ್ತಿದ್ದೆ, ಈಗ ಮಂಗಳವಾರ ನೋಡಿ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವಷ್ಟು ದೂರದಲ್ಲೇ ಸುತ್ತು. ಮುಳ್ಳನ್ನು ಕಿತ್ತು ಹಾಕಿದೆ, ಗೋಡೆಯಲ್ಲಿ ಅದರ ತೂತು ಉಳಿದಿದೆ. ನೀರಿನ ಕಾನೂನುಗಳೆಲ್ಲ ರದ್ದಾಗಿವೆ, ಆದರೆ ರದ್ದು ಮಾಡಿದವನ ಕೈಗೆ ಅದು ಇನ್ನೂ ಗೊತ್ತಾಗಿಲ್ಲ. ನಲ್ಲಿ ಬಿಟ್ಟ ಶಬ್ದ ಕೇಳಿದರೆ ಅದು ತಾನಾಗಿ ಮುಚ್ಚಲು ಹೋಗುತ್ತದೆ.

ಮೊನ್ನೆ ಸೋಮವಾರ ಕೈವಾರದಲ್ಲಿದ್ದೆವು. ಬೆಟ್ಟದ ಬುಡದ ಹುಣಸೆ ಮರದ ನೆರಳಿನಲ್ಲಿ ಬಸ್ಸು ನಿಲ್ಲಿಸಿದ್ದೆ. ಬೆಳಗಿನ ಹೊತ್ತು. ಯಾತ್ರೆಗೆ ಬಂದವರು ಬಸ್ಸಿಳಿದು ನಡೆದುಹೋಗುತ್ತಿದ್ದರು. ನಾರಾಯಣಮ್ಮ ಬೆಳಗಿನ ಗೀಟಿನವರೆಗೆ ಆಗಲೇ ಕುಡಿದು ಮುಗಿಸಿದ್ದಳು. ತುಟಿ ಒಣಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತು, “ರೀ, ಹೊರಗಡೆ ನಲ್ಲಿ ಸ್ವಲ್ಪ ಬಿಡ್ರೀ” ಅಂದಳು.

“ಕುಡಿಯೋ ಹಾಗಿಲ್ಲವಲ್ಲೇ.”

“ಕುಡಿಯಕ್ಕಲ್ಲ. ಸುಮ್ನೆ ಬಿಡಿ, ನೋಡ್ತೀನಿ.”

ಬಿಟ್ಟೆ. ಅವಳು ಸೀರೆ ಸ್ವಲ್ಪ ಎತ್ತಿ ಎರಡೂ ಕಾಲನ್ನು ಧಾರೆಯ ಕೆಳಗೆ ಚಾಚಿದಳು. ನೀರು ಅವಳ ಪಾದದ ಮೇಲೆ ಬಿದ್ದು, ಬೆರಳುಗಳ ನಡುವೆ ಇಳಿದು, ಹುಣಸೆ ಬೇರಿನ ಕಡೆ ಹರಿಯಿತು. ಒಂದು ನಿಮಿಷವಾಯಿತು. ನನ್ನ ಕೈ ನಲ್ಲಿಯ ಕಡೆ ಹೋಯಿತು.

“ಇರ್ಲಿ ಬಿಡ್ರೀ. ಹೋಗ್ಲಿ.”

ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ನೀರು ಹರಿಯಿತು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಬಾಯಾರಿಕೆ ಕಿವಿಯಿಂದಲೂ ಕಾಲಿನಿಂದಲೂ ಸ್ವಲ್ಪ ತಣಿಯುತ್ತದೆ ಎಂದು ಅವಳಿಗೆ ಯಾರು ಹೇಳಿಕೊಟ್ಟರೋ! ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು, “ನೀರು ದಂಡ ಆಗ್ತಿದೆ ನೋಡಪ್ಪ” ಅಂದಳು. ಆಗಲಿ ಬಿಡಮ್ಮ ಅಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ನೀರಿನ ಬಗ್ಗೆ ಆಡಿದ್ದು ಅದೇ ಮೊದಲು.

ಈ ಹೊತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ಒಂದು ಶೆಡ್ಡು. ಒಂದು ಬಸ್ಸು. ಒಳ್ಳೆಯ ನೀರು ಐವತ್ತು ಲೀಟರು, ತೊಳೆದ ನೀರು ಹತ್ತು, ಮೂರನೆಯದರಲ್ಲಿ ನನ್ನ ಪಾಲಿನದು ಮಾತ್ರ. ಗೌರಿಬಿದನೂರಿನಲ್ಲಿ ಒಬ್ಬ ಮಗಳು. ವಾರದಲ್ಲಿ ಎರಡೂವರೆ ದಿನ. ಹೆಂಡತಿ ಒಬ್ಬಳು, ತೂಕ ನಲವತ್ತಾರು ಕಿಲೋ ಇನ್ನೂರು ಗ್ರಾಂ.